‘ಬದಲಿ ವ್ಯವಸ್ಥೆ’: ಒಂದು ವಿಮರ್ಶೆ

ವಿಮರ್ಶೆ ಎಂದೊಡನೆ ನಮ್ಮ ಪತ್ರಿಕೆಯ ವಾಚಕರಿಗೆ ಹೊಸದಾಗಿ ಬಂದ ಕಾದಂಬರಿಯೋ, ಕವನ ಸಂಗ್ರಹವೋ, ರಾಜ್ಯೋತ್ಸವದ ಸಂಜೆ ಆಡಿದ ನಾಟಕವೋ ನೆನಪಿಗೆ ಬರುವುದು ಸಹಜ. ಈ ತಿಂಗಳು ನಾವು ವಿಮರ್ಶೆಗೆ ಎತ್ತಿಕೊಂಡಿರುವ ಕೃತಿ ಅಚ್ಚಾದ ಪುಸ್ತಕವಲ್ಲ. ಆದರೂ ಅದರ ಮುಖ್ಯ ವಾಕ್ಯವನ್ನು ಈ ಮಹಾನಗರದಲ್ಲಿ ಬಾಳುವ ಪ್ರತಿಯೊಬ್ಬರೂ ವೃತ್ತಪತ್ರಿಕೆಗಳಲ್ಲಿ ಹಲವು ಬಾರಿ ಓದಿದ್ದಾರೆ. ‘ಪ್ರಯಾಣಿಕರಿಗೆ ಅನಾನುಕೂಲವಾಗದಂತೆ ಬದಲಿ ವ್ಯವಸ್ಥೆ ಮಾಡಲಾಗಿದೆ’ ಎಂಬುದೇ ಆ ವಾಕ್ಯ. ಮುಷ್ಕರವಾಗಲಿ, ಮಳೆಯಾಗಲಿ, ಮಾರಿಯಾಗಲಿ, ಬಸ್ಸು ನಿಂತ ದಿನ ಈ ವಾಕ್ಯ ತಪ್ಪದೆ ಹೊರಬೀಳುತ್ತದೆ. ನಮ್ಮ ಹೆಸರಿನಲ್ಲಿ, ನಮ್ಮ ತೆರಿಗೆ ಮತ್ತು ಟಿಕೇಟಿನ ಹಣದಲ್ಲಿ ರಚಿತವಾಗುವ ಈ ವ್ಯವಸ್ಥೆಯನ್ನು ಒಂದು ನಾಟಕವನ್ನು ನೋಡುವಷ್ಟು ಎಚ್ಚರದಿಂದಲಾದರೂ ನೋಡುವುದು ನಮ್ಮ ಕರ್ತವ್ಯವಲ್ಲವೇ?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಗಿರಿ ಮಾಡುವವರಾದ ನಮಗೆ ಸೇವಾ ನಿಯಮಗಳ ಅರಿವಿದೆ. ಇಲ್ಲಿ ಯಾವ ಪಕ್ಷದ ಪರ ವಕಾಲತ್ತೂ ಇಲ್ಲ, ಯಾವ ಪಕ್ಷದ ನಿಂದೆಯೂ ಇಲ್ಲ. ನಾವು ನೋಡಹೊರಟಿರುವ ಆರು ವರ್ಷಗಳಲ್ಲಿ ಸರ್ಕಾರ ಬದಲಾಯಿತು, ಸಾರಿಗೆ ಸಂಸ್ಥೆಯ ಹೆಸರು ಸಹ ಬದಲಾಯಿತು. ಬದಲಿ ವ್ಯವಸ್ಥೆಯ ಸ್ವಭಾವ ಮಾತ್ರ ಹಾಗೆಯೇ ಉಳಿಯಿತು. ನಮ್ಮ ಆಕ್ಷೇಪ ಇರುವುದು ಆ ಸ್ವಭಾವದ ಮೇಲೆ.

ಅಳತೆಗೋಲು

ಅಳತೆಗೋಲಿಲ್ಲದ ವಿಮರ್ಶೆ ಬರಿಯ ಗೊಣಗಾಟ. ಆದುದರಿಂದ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳೋಣ. ಒಂದು: ಬಸ್ಸು ಇಲ್ಲವೆಂಬ ಸಂಗತಿ, ಅಥವಾ ಅದು ಬೇರೆಲ್ಲಿಂದ ಹೊರಡುವುದೆಂಬ ಸಂಗತಿ, ಪ್ರಯಾಣಿಕನು ಮನೆಯ ಹೊಸಿಲು ದಾಟುವ ಮೊದಲೇ ಅವನಿಗೆ ತಿಳಿಯಿತೆ? ಎರಡು: ಬಸ್ಸಲ್ಲದೆ ಬೇರೆ ಗತಿಯಿಲ್ಲದವನಿಗೆ ಆ ದಿನ ಯಾವ ಗತಿ ಒದಗಿತು? ಮೂರು: ಆ ಸಂಕಟದಿಂದ ಕಲಿತದ್ದನ್ನು ಮುಂದಿನ ಸಂಕಟಕ್ಕಾಗಿ ಬರೆದಿಟ್ಟರೆ? ಈ ಮೂರನೆಯ ಪ್ರಶ್ನೆ ಗುಮಾಸ್ತರ ಪ್ರಶ್ನೆ ಎಂದು ವಾಚಕರು ನಗಬಹುದು. ನಗಲಿ. ಹಿಂದಿನ ಕಡತವಿಲ್ಲದ ಕಚೇರಿಯಲ್ಲಿ ಪ್ರತಿಯೊಂದು ವಿಷಯವೂ ಹೊಸ ವಿಷಯವೇ ಆಗುತ್ತದೆಂಬುದನ್ನು ಇಪ್ಪತ್ತು ವರ್ಷ ಟಿಪ್ಪಣಿ ಬರೆದವರು ಬಲ್ಲರು.

ಐವತ್ತೆರಡು ದಿನ

ಮೊದಲನೆಯ ಪ್ರಸಂಗ 2019ರದು. ಆ ವರ್ಷದ ಅಕ್ಟೋಬರ್ 5ರಂದು, ದಸರಾ ಮತ್ತು ಬತುಕಮ್ಮ ಹಬ್ಬಗಳ ನಡುವೆ, ತೆಲಂಗಾಣ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಸುಮಾರು 48 ಸಾವಿರ ನೌಕರರು ಮುಷ್ಕರ ಹೂಡಿದರು. ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನಗೊಳಿಸಬೇಕೆಂಬುದು ಅವರ 26 ಬೇಡಿಕೆಗಳಲ್ಲಿ ಪ್ರಮುಖವಾದುದು. ಗಡುವಿನೊಳಗೆ ಕೆಲಸಕ್ಕೆ ಹಾಜರಾಗದವರು ತಮ್ಮನ್ನು ತಾವೇ ವಜಾ ಮಾಡಿಕೊಂಡಂತೆ ಎಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಸಾರಿದರು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನವೆಂಬರ್ 25ರಂದು, 52ನೆಯ ದಿನ, ಸಂಘಗಳು ಮುಷ್ಕರವನ್ನು ಹಿಂತೆಗೆದುಕೊಂಡವು. ನವೆಂಬರ್ 29ರಿಂದ ನೌಕರರು ಕೆಲಸಕ್ಕೆ ಮರಳಿದರು. ಡಿಸೆಂಬರಿನಲ್ಲಿ ಪ್ರಯಾಣದರ ಕಿಲೋಮೀಟರಿಗೆ 20 ಪೈಸೆ ಏರಿತು. ಅಂದು ಅಸಾಧ್ಯವೆನಿಸಿದ ವಿಲೀನದ ವಿಧೇಯಕವನ್ನು ಅದೇ ಸರ್ಕಾರದ ಕಾಲದಲ್ಲಿ, 2023ರ ಆಗಸ್ಟಿನಲ್ಲಿ, ಶಾಸನಸಭೆ ಅಂಗೀಕರಿಸಿತು. ಈ ಅವಧಿಯಲ್ಲಿ ಕೆಲವು ನೌಕರರು ಪ್ರಾಣ ಕಳೆದುಕೊಂಡರು. ಆ ನಷ್ಟದ ಮುಂದೆ ಪ್ರಯಾಣಿಕರ ಕಷ್ಟ ದೊಡ್ಡದೆಂದು ನಾವು ಹೇಳುವುದಿಲ್ಲ. ಆದರೆ ಗಂಡ ಹೆಂಡಿರ ಜಗಳದಲ್ಲಿ ಬಡವಾದ ಕೂಸಿನ ಕಥೆಯನ್ನೂ ಯಾರಾದರೂ ಹೇಳಬೇಕಷ್ಟೆ.

ಮುಷ್ಕರವೆಂಬುದು ಭೂಕಂಪವಲ್ಲ, ಹೇಳದೆ ಕೇಳದೆ ಬರುವುದಿಲ್ಲ. ಸಾರ್ವಜನಿಕ ಸೇವೆಗಳಲ್ಲಿ ಮುನ್ಸೂಚನೆ ಕೊಡದೆ ಮುಷ್ಕರ ಹೂಡುವಂತಿಲ್ಲವೆಂದು ಕಾನೂನೇ ಹೇಳುತ್ತದೆ. 2019ರಲ್ಲೂ ನೋಟೀಸು ಸೆಪ್ಟೆಂಬರಿನಲ್ಲೇ ತಲುಪಿತ್ತು. ಹಾಗಿದ್ದರೂ ಬದಲಿ ವ್ಯವಸ್ಥೆ ಮುಷ್ಕರದ ಮೊದಲನೆಯ ಬೆಳಿಗ್ಗೆ ಹುಟ್ಟಿಕೊಂಡಿತು. ದಿನಗೂಲಿಯ ಮೇಲೆ ಚಾಲಕರನ್ನೂ ನಿರ್ವಾಹಕರನ್ನೂ ತೆಗೆದುಕೊಂಡರು. ಟಿಕೇಟು ಯಂತ್ರ ಹಿಡಿದು ಅಭ್ಯಾಸವಿಲ್ಲದವರಿಂದ ಟಿಕೇಟಿಲ್ಲದೆ ಹಣ ವಸೂಲಾಗತೊಡಗಿತು. ಹೆಚ್ಚು ಹಣ ಕೇಳುತ್ತಾರೆಂಬ ದೂರುಗಳು ಬಂದ ಮೇಲೆ, ಬಸ್ಸಿನಲ್ಲಿ ದರಪಟ್ಟಿ ಹಾಕಬೇಕು, ಟಿಕೇಟು ಕೊಡಬೇಕು ಎಂದು ಆಜ್ಞೆಯಾಯಿತು. ಶಾಲೆಗಳ ದಸರಾ ರಜೆಯನ್ನು ಮುಂದಕ್ಕೆ ತಳ್ಳಿದರು. ಬಸ್ಸಿಲ್ಲದ ಕಾರಣಕ್ಕೆ ಶಾಲೆಯನ್ನೇ ಮುಚ್ಚುವುದು ಬದಲಿ ವ್ಯವಸ್ಥೆಯೋ, ವ್ಯವಸ್ಥೆ ಇಲ್ಲವೆಂಬುದರ ಒಪ್ಪಿಗೆಯೋ, ವಾಚಕರೇ ನಿರ್ಧರಿಸಲಿ.

ದಿನವೂ ಹೊರಬೀಳುತ್ತಿದ್ದ ಲೆಕ್ಕವೆಂದರೆ ಎಷ್ಟು ಬಸ್ಸುಗಳು ರಸ್ತೆಗಿಳಿದವು ಎಂಬುದು. ಬಿ.ಎಸ್‌ಸಿ. ಓದಿದ ಕಾಲದ ಗಣಿತವನ್ನು ಇಲ್ಲಿ ಸ್ವಲ್ಪ ಬಳಸೋಣ. ಒಂದು ಡಿಪೋದಲ್ಲಿ 100 ಬಸ್ಸುಗಳಿವೆ, ಒಂದೊಂದೂ ದಿನಕ್ಕೆ 8 ಟ್ರಿಪ್ಪು ಮಾಡುತ್ತದೆ ಎಂದಿಟ್ಟುಕೊಳ್ಳಿ; ಒಟ್ಟು 800 ಟ್ರಿಪ್ಪು. ಮುಷ್ಕರದ ದಿನ 60 ಬಸ್ಸುಗಳು ಹೊರಟವು, ದಾರಿ ಗೊತ್ತಿಲ್ಲದ ಚಾಲಕರು ತಲಾ 4 ಟ್ರಿಪ್ಪು ಮಾಡಿ ಸಂಜೆಗೆ ಮುಂಚೆ ಡಿಪೋ ಸೇರಿದರು ಎಂದಾದರೆ ಆದದ್ದು 240 ಟ್ರಿಪ್ಪು. ಪತ್ರಿಕೆಗೆ ಹೋಗುವ ಅಂಕಿ ಶೇಕಡಾ 60. ಜನಕ್ಕೆ ಸಿಕ್ಕಿದ ಸೇವೆ ಶೇಕಡಾ 30. ಆ 240 ಟ್ರಿಪ್ಪುಗಳಲ್ಲಿ ಬಹುಪಾಲು ನಡುಹಗಲಿನವಾದರೆ, ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೊರಟವನಿಗೂ ರಾತ್ರಿ ಒಂಬತ್ತಕ್ಕೆ ಆಸ್ಪತ್ರೆಯ ಪಾಳಿ ಮುಗಿಸಿದ ಆಯಾಗೂ ದೊರೆತದ್ದು ಅದಕ್ಕಿಂತ ಎಷ್ಟೋ ಕಡಿಮೆ. ಇವು ಉದಾಹರಣೆಗೆಂದು ನಾವೇ ಇಟ್ಟುಕೊಂಡ ಅಂಕಿಗಳು. ಆದರೆ ವಾಹನಗಳನ್ನು ಎಣಿಸುವ ಲೆಕ್ಕ ಪ್ರಯಾಣಿಕರ ಕಷ್ಟವನ್ನು ಹೇಗೆ ಮರೆಮಾಡುತ್ತದೆಂಬುದನ್ನು ತೋರಿಸಲು ಇಷ್ಟು ಸಾಕು.

ಬಸ್ಸಿಗೆ ಬದಲಾಗಿ ಏನಿತ್ತು? 2017ರ ನವೆಂಬರಿನಲ್ಲಿ ಆರಂಭವಾದ ಮೆಟ್ರೋ ಇತ್ತು. ಅದು ಹೆಚ್ಚಿನ ಗಾಡಿಗಳನ್ನು ಓಡಿಸಿ ಬಹಳ ಜನರನ್ನು ಹೊತ್ತಿತು. ಆದರೆ ಅದರ ದಾರಿ ಕಂಬಗಳ ಮೇಲೆ ನಿಶ್ಚಿತವಾದದ್ದು. ಮಿಯಾಪುರದವನಿಗೆ ಒದಗಿದ ಭಾಗ್ಯ ಬಾಲಾಪುರದವನಿಗೆ ಒದಗದು. 2003ರಿಂದ ಓಡುತ್ತಿರುವ ಎಂ.ಎಂ.ಟಿ.ಎಸ್. ಲೋಕಲ್ ರೈಲು ಇತ್ತು. ಮುಷ್ಕರದ ನಡುವೆಯೇ, ನವೆಂಬರ್ 11ರಂದು, ಕಾಚಿಗುಡ ನಿಲ್ದಾಣದಲ್ಲಿ ಒಂದು ಎಂ.ಎಂ.ಟಿ.ಎಸ್. ಗಾಡಿ ಕರ್ನೂಲಿನಿಂದ ಬಂದ ಹಂದ್ರಿ ಎಕ್ಸ್‌ಪ್ರೆಸ್ಸಿಗೆ ಡಿಕ್ಕಿ ಹೊಡೆಯಿತು. ಗಾಡಿಯ ಚಾಲಕರು ಗಂಟೆಗಟ್ಟಲೆ ಸಿಕ್ಕಿಬಿದ್ದು, ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮಾರ್ಗವನ್ನು ನಂಬಿದವರಿಗೆ ಅಂದು ಬಸ್ಸೂ ಇಲ್ಲ, ರೈಲೂ ಇಲ್ಲ ಎಂಬ ಸ್ಥಿತಿ. ಒಂದು ಸಂಕಟದ ನಡುವೆ ಇನ್ನೊಂದು ಸಂಕಟ ಬರಬಾರದೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ವ್ಯವಸ್ಥೆಗಳು ಮಾತ್ರ ಸಂಕಟಗಳು ಸರತಿಯ ಸಾಲಿನಲ್ಲಿ ನಿಂತು ಒಂದೊಂದಾಗಿ ಬರುತ್ತವೆಂದೇ ನಂಬಿವೆ.

ಇದು ಹೈದರಾಬಾದಿಗೆ ಮಾತ್ರ ಅಂಟಿದ ರೋಗವೆಂದು ಬೆಂಗಳೂರಿನ ಬಂಧುಗಳು ಬೀಗಬೇಕಾಗಿಲ್ಲ. 2021ರ ಏಪ್ರಿಲ್ 7ರಿಂದ 21ರವರೆಗೆ, ಯುಗಾದಿ ಹಬ್ಬ ನಡುವೆ ಬಿದ್ದಿದ್ದ ಎರಡು ವಾರ, ಕರ್ನಾಟಕದ ಸಾರಿಗೆ ನಿಗಮಗಳ ನೌಕರರು ಆರನೆಯ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದಾಗ ಅಲ್ಲಿಯೂ ಖಾಸಗಿ ವಾಹನಗಳನ್ನು ಸರ್ಕಾರಿ ನಿಲ್ದಾಣಗಳೊಳಕ್ಕೆ ಬಿಟ್ಟು ಬದಲಿ ವ್ಯವಸ್ಥೆಯೆಂದು ಕರೆದರು. ಹಬ್ಬದ ಮುಂಚೆಯೇ ಮುಷ್ಕರ ಬರುವುದು ಎರಡೂ ಕಡೆ ಕಂಡ ಸಂಗತಿ. ಹಬ್ಬದ ತಾರೀಖು ಪಂಚಾಂಗದಲ್ಲಿ ವರ್ಷದ ಮೊದಲೇ ಇರುತ್ತದೆಂಬುದೂ ಎರಡೂ ಕಡೆಯವರಿಗೆ ಗೊತ್ತಿದ್ದದ್ದೇ.

ಫ್ರಾನ್ಸ್ ದೇಶದಲ್ಲಿ ಮುಷ್ಕರಗಳಿಗೇನೂ ಕೊರತೆಯಿಲ್ಲ. ಅಲ್ಲಿ 2007ರ ಆಗಸ್ಟ್ 21ರ ಕಾನೂನೊಂದರಂತೆ, ಸಾರಿಗೆಯಲ್ಲಿ ಸೇವೆ ನಡೆಸಲು ಅಗತ್ಯವಾದ ಕೆಲಸಗಳಲ್ಲಿರುವ ನೌಕರನು ತಾನು ಮುಷ್ಕರಕ್ಕೆ ಸೇರುವುದಾದರೆ 48 ಗಂಟೆ ಮೊದಲು ತಿಳಿಸಬೇಕು. ಸಂಸ್ಥೆ ಯಾವ ಗಾಡಿ ಓಡುವುದು, ಯಾವುದು ಇಲ್ಲ ಎಂಬುದನ್ನು 24 ಗಂಟೆ ಮೊದಲು ಪ್ರಯಾಣಿಕರಿಗೆ ತಿಳಿಸಬೇಕು. ಮುಷ್ಕರದ ಹಕ್ಕು ಉಳಿಯಿತು. ಪ್ರಯಾಣಿಕನಿಗೆ ತಿಳಿಯುವ ಹಕ್ಕು ಸೇರಿತು. ನಮ್ಮಲ್ಲಿ ಎರಡು ಪಕ್ಷಗಳೂ ತಮ್ಮ ತಮ್ಮ ಹಕ್ಕಿನ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದವು. ನಿಲ್ದಾಣದಲ್ಲಿ ನಿಂತವನಿಗೂ ಒಂದು ಹಕ್ಕುಂಟೆಂಬ ಮಾತು ಯಾರ ಬಾಯಿಂದಲೂ ಗಟ್ಟಿಯಾಗಿ ಬರಲಿಲ್ಲ.

ತೆರೆದ ಕಚೇರಿ, ಮುಚ್ಚಿದ ಬಸ್ಸು

ಎರಡನೆಯ ಪ್ರಸಂಗ ಎಲ್ಲರಿಗೂ ನೆನಪಿರುವುದೇ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದ ನಗರದ ಬಸ್ಸು, ಮೆಟ್ರೋ, ಲೋಕಲ್ ರೈಲು ಮೂರೂ ನಿಂತವು. ನಿಲ್ಲಿಸಿದ್ದರ ಬಗ್ಗೆ ನಮ್ಮ ತಕರಾರಿಲ್ಲ; ಕಾಣದ ರೋಗದ ಎದುರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. ನಾವು ನೋಡಬೇಕಾದದ್ದು ಅವು ಮತ್ತೆ ತೆರೆದ ಕ್ರಮವನ್ನು.

ಮೇ ತಿಂಗಳ ನಡುವಿಗೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಳದರ್ಜೆಯ ನೌಕರರಲ್ಲಿ ಅರ್ಧದಷ್ಟು ಜನ ಸರದಿಯ ಮೇಲೆ ಹಾಜರಾಗಬೇಕೆಂದು ಸುತ್ತೋಲೆ ಬಂತು. ಮೇ 19ರಿಂದ ಜಿಲ್ಲೆಗಳ ಬಸ್ಸುಗಳು ಓಡತೊಡಗಿದವು. ಹೈದರಾಬಾದು ನಗರದ ಬಸ್ಸುಗಳು ಓಡಲಿಲ್ಲ. ಸೆಪ್ಟೆಂಬರ್ 7ರಂದು ಮೆಟ್ರೋ ಹೊರಟಿತು. ನಗರದ ಬಸ್ಸುಗಳು ಕಾಲುಭಾಗದಷ್ಟು ಮಾತ್ರ, ಸೆಪ್ಟೆಂಬರ್ 25ರಂದು. ಲೋಕಲ್ ರೈಲು ಹೊರಟದ್ದು 2021ರ ಜೂನ್ 23ರಂದು, ಅಂದರೆ ಹದಿನೈದು ತಿಂಗಳ ಮೇಲೆ. ಈ ಮೂರನ್ನೂ ಟಿಕೇಟಿನ ದರದ ಪ್ರಕಾರ ಜೋಡಿಸಿ ನೋಡಿ: ದುಬಾರಿಯಾದದ್ದು ಮೊದಲು ತೆರೆಯಿತು, ಅದಕ್ಕಿಂತ ಅಗ್ಗವಾದದ್ದು ಆಮೇಲೆ, ಎಲ್ಲಕ್ಕಿಂತ ಅಗ್ಗವಾದದ್ದು ಕಟ್ಟಕಡೆಗೆ. ಯಾರೂ ಕೇಡು ಬಗೆದು ಈ ಕ್ರಮವನ್ನು ಮಾಡಿರಲಾರರು. ಮೆಟ್ರೋದಲ್ಲಿ ಬಾಗಿಲಲ್ಲೇ ಜನರನ್ನು ಎಣಿಸಿ ಬಿಡಬಹುದು, ಬಸ್ಸಿನಲ್ಲಿ ಆಗದು ಎಂಬ ಸಮಾಧಾನವೂ ಒಪ್ಪತಕ್ಕದ್ದೇ. ಆದರೆ ಮುಂಬಯಿಯಲ್ಲಿ ಅಗತ್ಯ ಸೇವೆಯ ನೌಕರರಿಗಾಗಿ ಲೋಕಲ್ ರೈಲುಗಳು 2020ರ ಜೂನ್ 15ರಷ್ಟು ಹಿಂದೆಯೇ ಓಡತೊಡಗಿದ್ದವು. ಅಷ್ಟು ದೊಡ್ಡ ಊರಿನಲ್ಲಿ ಗುರುತುಚೀಟಿ ನೋಡಿ ಹತ್ತಿಸಲು ಸಾಧ್ಯವಾದದ್ದು ಇಲ್ಲಿ ಒಂದು ವರ್ಷ ಏಕೆ ಸಾಧ್ಯವಾಗಲಿಲ್ಲ?

ಆ ನಾಲ್ಕು ತಿಂಗಳು ಹಾಜರಿ ಪುಸ್ತಕ ತೆರೆದಿತ್ತು, ಬಸ್ಸಿನ ಬಾಗಿಲು ಮುಚ್ಚಿತ್ತು. ಒಂದು ಸರ್ಕಾರ ‘ಬಾ’ ಎಂದಿತು, ಇನ್ನೊಂದು ‘ಹೇಗೆ ಬರುತ್ತೀಯೆ?’ ಎಂದು ಕೇಳಲಿಲ್ಲ. ಸ್ಕೂಟರ್ ಇದ್ದವರು ಬಂದರು. ಇಬ್ಬರು ಮೂವರು ಕೂಡಿ ಆಟೋ ಮಾಡಿಕೊಂಡರು. ದೂರ ಕಾಯ್ದುಕೊಳ್ಳಬೇಕೆಂದು ಬಸ್ಸು ನಿಲ್ಲಿಸಿದರೆ ಜನ ಆಟೋದಲ್ಲಿ ಮೈಗೆ ಮೈ ತಾಗಿಸಿ ಕೂತು ಬಂದರು. ನಮ್ಮಂಥ ಖಾಯಂ ನೌಕರರಿಗೆ ರಜೆ ಹಾಕಿಕೊಳ್ಳುವ ಅವಕಾಶವಾದರೂ ಇತ್ತು. ಗುತ್ತಿಗೆಯ ಮೇಲೆ ಕಸ ಗುಡಿಸುವ, ನೀರು ತುಂಬುವ ಹೆಂಗಸರಿಗೆ ಬಾರದ ದಿನದ ಕೂಲಿ ಇಲ್ಲ. ಅವರಲ್ಲಿ ಎಷ್ಟೋ ಮಂದಿ ಮೂಸಿಯ ಆಚೆಯಿಂದ ನಡೆದು ಬರುತ್ತಿದ್ದರು. ನಮ್ಮ ಎರಡನೆಯ ಪ್ರಶ್ನೆ ಇಂಥವರನ್ನು ಕುರಿತದ್ದು. ಬೇರೆ ಗತಿಯಿದ್ದವರನ್ನು ಸಾಗಿಸಿದ್ದನ್ನು ಲೆಕ್ಕ ಹಾಕಿದರೆ ಬದಲಿ ವ್ಯವಸ್ಥೆ ಪಾಸಾಗುತ್ತದೆ. ಬೇರೆ ಗತಿಯಿಲ್ಲದವರನ್ನು ಲೆಕ್ಕ ಹಾಕಿದರೆ ನಪಾಸು.

ಬಸ್ಸುಗಳು ಮತ್ತೆ ಹೊರಟು ಮೂರು ವಾರವಾಗಿರಲಿಲ್ಲ, ಅಕ್ಟೋಬರ್ 13 ಮತ್ತು 14ರ ಮಳೆ ಬಂತು. ಘಟ್‌ಕೇಸರ್ ಕಡೆ ಒಂದೇ ದಿನದಲ್ಲಿ 30 ಸೆಂಟಿಮೀಟರಿಗೂ ಮಿಕ್ಕಿ ಸುರಿಯಿತು. ಗಗನಪಹಾಡ್ ಬಳಿ ಅಪ್ಪಾ ಚೆರುವು ಒಡೆದು ನೀರು ಬೆಂಗಳೂರು ಹೆದ್ದಾರಿಯ ಮೇಲೆಯೇ ನುಗ್ಗಿತು. ವಿಜಯವಾಡದ ದಾರಿಯೂ ನೀರಿನಡಿ ಹೋಯಿತು. ಶಂಷಾಬಾದಿನ ಮೂಲಕ ಊರಿಗೆ ಹೋಗಿ ಬರುವ ನಮ್ಮ ಕನ್ನಡಿಗರಿಗೆ ಆ ತಿರುವು ಅಪರಿಚಿತವಲ್ಲ. ಕೆರೆಯೊಂದು ಒಡೆದರೆ ಎರಡು ರಾಜ್ಯಗಳ ನಡುವಣ ದಾರಿ ತುಂಡಾಗುತ್ತದೆಂಬ ಪಾಠ ಅಂದು ಎಲ್ಲರ ಕಣ್ಣೆದುರೇ ನಡೆಯಿತು. ಅದನ್ನು ಯಾವ ಕಡತದಲ್ಲಿ ಬರೆದಿಟ್ಟರೆಂಬುದು ಐದು ವರ್ಷದ ಮೇಲೆ ತಿಳಿಯಬೇಕಾಗಿತ್ತು.

ನದಿಯ ನಡುವಿನ ನಿಲ್ದಾಣ

ಆ ಐದು ವರ್ಷ ತುಂಬುವ ಮುನ್ನ, 2025ರ ಸೆಪ್ಟೆಂಬರ್ 26ರ ರಾತ್ರಿ, ಮೂರನೆಯ ಪ್ರಸಂಗ. ಮೇಲಣ ಪ್ರದೇಶದಲ್ಲಿ ಭಾರಿ ಮಳೆಯಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಗೇಟುಗಳನ್ನು ಎತ್ತಿದರು. ಮೂಸಿ ಉಕ್ಕಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಗೆ ನುಗ್ಗಿತು. ದಸರಾ ರಜೆಗೆ ಊರಿಗೆ ಹೊರಟ ಜನ ಒಳಗೇ ಸಿಕ್ಕಿಕೊಂಡರು. ಪೊಲೀಸರೂ ವಿಪತ್ತು ನಿರ್ವಹಣೆಯ ತಂಡಗಳೂ ಹಗ್ಗ ಕಟ್ಟಿ ಅವರನ್ನು ಹೊರತಂದರು. ಆ ಕೆಲಸವನ್ನು ಮುಕ್ತಕಂಠದಿಂದ ಹೊಗಳಬೇಕು. ಮರುದಿನ ಸಾರಿಗೆ ಸಂಸ್ಥೆ ಬದಲಿ ಸ್ಥಳಗಳನ್ನು ಪ್ರಕಟಿಸಿತು: ಮಹಬೂಬ್‌ನಗರ, ಕರ್ನೂಲು, ಬೆಂಗಳೂರು ಕಡೆಯ ಬಸ್ಸುಗಳು ಆರಾಂಘರ್‌ನಿಂದ, ವಿಜಯವಾಡ, ನಲ್ಗೊಂಡ ಕಡೆಯವು ಎಲ್.ಬಿ. ನಗರದಿಂದ, ವರಂಗಲ್ ಕಡೆಯವು ಉಪ್ಪಲ್‌ನಿಂದ, ಕರೀಂನಗರ, ನಿಜಾಮಾಬಾದು ಕಡೆಯವು ಜುಬಿಲಿ ನಿಲ್ದಾಣದಿಂದ. 2019ರ ಗೊಂದಲಕ್ಕೆ ಹೋಲಿಸಿದರೆ ಇದು ನಿಜವಾಗಿಯೂ ಮುಂದುವರಿದ ಕ್ರಮ. ದಿಕ್ಕಿಗೊಂದು ನಿಲ್ದಾಣ, ಸ್ಪಷ್ಟವಾದ ಪಟ್ಟಿ. ನಮ್ಮ ಮೊದಲನೆಯ ಪ್ರಶ್ನೆಗೆ ಇಲ್ಲಿ ಅರ್ಧದಷ್ಟು ಅಂಕ ಸಲ್ಲಬೇಕು.

ಉಳಿದರ್ಧ ಏಕೆ ಸಲ್ಲದು? ಗೇಟು ಎತ್ತಿದ ನೀರು ಮಂತ್ರ ಹಾಕಿದಂತೆ ನಿಲ್ದಾಣದಲ್ಲಿ ಪ್ರತ್ಯಕ್ಷವಾಗುವುದಿಲ್ಲ. ಹತ್ತು ಕಿಲೋಮೀಟರಿಗೂ ಹೆಚ್ಚು ಹರಿದು ಬರಬೇಕು. ಗೇಟಿನ ಕೀಲಿಕೈ ಜಲಮಂಡಳಿಯ ಕೈಯಲ್ಲಿದೆ, ನಿಲ್ದಾಣದ ಬಾಗಿಲು ಸಾರಿಗೆ ಸಂಸ್ಥೆಯ ಕೈಯಲ್ಲಿದೆ. ನೀರು ಹರಿದು ಬರುವಷ್ಟು ಹೊತ್ತಿನಲ್ಲಿ ಸುದ್ದಿ ಹರಿದು ಬಂದಿದ್ದರೆ ಬಸ್ಸುಗಳೂ ಜನರೂ ಒಳಗೆ ಇರುತ್ತಿರಲಿಲ್ಲ. ಇನ್ನೊಂದು ಮಾತು. ಆ ನಿಲ್ದಾಣಕ್ಕೆ ಬರುವುದು ಈ ರಾಜ್ಯದ ಬಸ್ಸುಗಳು ಮಾತ್ರವಲ್ಲ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಕರ್ನಾಟಕದ ನಿಗಮದ ಬಸ್ಸುಗಳೂ ಬರುತ್ತವೆ. ತೆಲಂಗಾಣದ ಸಂಸ್ಥೆ ತನ್ನ ಬಸ್ಸಿನ ಸುದ್ದಿ ಹೇಳಿತು. ಪಕ್ಕದ ರಾಜ್ಯದ ಬಸ್ಸಿಗೆ ಟಿಕೇಟು ಮಾಡಿಸಿ ಕೂತ ಮುದುಕಿಗೆ, ಅವಳಿಗೆ ತಿಳಿಯುವ ಕನ್ನಡದಲ್ಲೋ ದಖನಿಯಲ್ಲೋ, ಎಲ್ಲಿಗೆ ಹೋಗಿ ನಿಲ್ಲಬೇಕೆಂದು ಹೇಳುವ ಹೊಣೆ ಯಾರದು? 1956ರವರೆಗೆ ಈ ಜಿಲ್ಲೆಗಳು ಹೈದರಾಬಾದು ರಾಜ್ಯದ ಭಾಗವಾಗಿದ್ದವು. ಆಸ್ಪತ್ರೆಗೆ, ಮದುವೆಯ ಜವಳಿಗೆ ಅಲ್ಲಿಯ ಜನ ಇಂದಿಗೂ ಇಲ್ಲಿಗೇ ಬರುತ್ತಾರೆ. ಗಡಿ ಬದಲಾದರೂ ದಾರಿ ಬದಲಾಗಿಲ್ಲ.

ಈ ನಿಲ್ದಾಣದ ಸ್ಥಳದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ವಿಮರ್ಶೆ ಅಪೂರ್ಣ. 1994ರಲ್ಲಿ ತೆರೆದ ಈ ನಿಲ್ದಾಣ ಮೂಸಿಯ ಎರಡು ಕವಲುಗಳ ನಡುವಿನ ದ್ವೀಪದ ಮೇಲಿದೆ. ಜನ ಅದನ್ನು ಇಂದಿಗೂ ಇಮ್ಲಿಬನ್, ಅಂದರೆ ಹುಣಸೆಯ ತೋಪು, ಎಂದೇ ಕರೆಯುತ್ತಾರೆ. ಅಲ್ಲಿಗೆ ಸಮೀಪದಲ್ಲಿಯೇ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹಳೆಯ ಹುಣಸೆಮರವಿದೆ. 1908ರ ಸೆಪ್ಟೆಂಬರ್ 28ರ ಮಹಾಪ್ರವಾಹದಲ್ಲಿ ನೂರೈವತ್ತು ಜನ ಅದರ ಕೊಂಬೆಗಳನ್ನು ಹಿಡಿದು ಬದುಕಿದರೆಂದು ಪ್ರಸಿದ್ಧಿ. ಸಾವಿರಾರು ಜನ ಬದುಕಲಿಲ್ಲ. 2025ರ ನೀರು ಬಂದದ್ದು ಅದೇ ನದಿಯಲ್ಲಿ, ಅದೇ ತಿಂಗಳಲ್ಲಿ, ತಾರೀಖಿನಲ್ಲಿ ಎರಡೇ ದಿನದ ಅಂತರದಲ್ಲಿ.

ಆ ಪ್ರವಾಹದ ನಂತರ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರು ಇಲ್ಲಿಗೆ ಬಂದು ಮಾಡಿದ ಕೆಲಸದ ಹಿರಿಮೆ ಎಲ್ಲಿದೆ? ಮುಳುಗಿದ ಬೀದಿಗಳನ್ನಷ್ಟೆ ನೋಡದೆ ಅವರು ಮೇಲಿನ ಜಲಾನಯನವನ್ನು ನೋಡಿದರು. ಕೆರೆಗಳು ಒಂದರ ಮೇಲೊಂದು ಒಡೆದು ಊರನ್ನು ಕೊಚ್ಚಿದ್ದನ್ನು ಲೆಕ್ಕ ಹಾಕಿದರು. ನೀರನ್ನು ಊರಿನೊಳಗೆ ತಡೆಯುವ ಬದಲು ಊರಿನ ಮೇಲೆ ತಡೆಯಬೇಕೆಂದು ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಕಷ್ಟ ಕಂಡ ಜಾಗದಲ್ಲಿ ಮಾತ್ರ ಮದ್ದು ಹಚ್ಚದೆ ಅದು ಹೊರಡುವ ಜಾಗದಿಂದ ಯೋಚಿಸುವುದು ಅವರ ವಿಧಾನ. ಭಾವಚಿತ್ರಕ್ಕೆ ಹಾರ ಹಾಕುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆ ವಿಧಾನವನ್ನು ಬಸ್ಸಿನ ವೇಳಾಪಟ್ಟಿಗೆ ಹಚ್ಚಿದವರನ್ನು ಮಾತ್ರ ಕಾಣೆವು.

ಮೂರು ಮನೆ, ಒಂದೇ ಬೀದಿ

ಇಷ್ಟನ್ನೂ ಒಟ್ಟಿಗೆ ನೋಡಿದಾಗ ದೋಷದ ಮೂಲ ತೋರುತ್ತದೆ. ಬಸ್ಸು ರಾಜ್ಯದ ಸಂಸ್ಥೆಯದು, ಲೋಕಲ್ ರೈಲು ದಕ್ಷಿಣ ಮಧ್ಯ ರೈಲ್ವೆಯದು, ಮೆಟ್ರೋ ಮತ್ತೊಂದು ಕಂಪನಿಯದು, ಕೆರೆ ಜಲಮಂಡಳಿಯದು. ಒಬ್ಬರ ಬಾಗಿಲು ಮುಚ್ಚಿದಾಗ ಇನ್ನೊಬ್ಬರ ಬಾಗಿಲಿಗೆ ಜನ ನುಗ್ಗುತ್ತಾರೆ. ಅವರಿಗೆ ಮೊದಲೇ ಹೇಳಿರುವವರು ಯಾರೂ ಇರುವುದಿಲ್ಲ. ವಿಚಿತ್ರವೆಂದರೆ ಈ ಊರಿನಲ್ಲಿ ಸರ್ಕಾರಿ ಬಸ್ಸು ಹುಟ್ಟಿದ್ದೇ ರೈಲಿನ ಮನೆಯಲ್ಲಿ. 1932ರಲ್ಲಿ ನಿಜಾಮ ಸರ್ಕಾರದ ರೈಲ್ವೆಯ ಅಂಗವಾಗಿ 27 ಬಸ್ಸು, 166 ನೌಕರರೊಡನೆ ರಸ್ತೆ ಸಾರಿಗೆ ಶುರುವಾಯಿತು. ರೈಲಿಗೆ ಅಡ್ಡಿಯಾದರೆ ಬಸ್ಸಿಗೆ ಹೇಳಿಕಳುಹಿಸಲು ಆಗ ಬೇರೊಂದು ಸರ್ಕಾರಕ್ಕೆ ಪತ್ರ ಬರೆಯಬೇಕಾಗಿರಲಿಲ್ಲ. ಒಂದೇ ಮನೆಯವರು ಬೇರೆಯಾಗಿ ಮೂರು ಮನೆಯಾದ ಮೇಲೆ ಬೀದಿ ಮಾತ್ರ ಒಂದೇ ಉಳಿದಿದೆ.

ಇದು ಯಾರಿಗೂ ಹೊಳೆಯದ ಸಂಗತಿಯೇನಲ್ಲ. ದೊಡ್ಡ ನಗರಗಳಲ್ಲಿ ಎಲ್ಲ ಸಾರಿಗೆಗಳನ್ನೂ ಹೊಂದಿಸುವ ಏಕೀಕೃತ ಪ್ರಾಧಿಕಾರ ಇರಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಹೈದರಾಬಾದಿನಲ್ಲಿ 2008ರಲ್ಲೇ ಅಂಥದೊಂದನ್ನು ರಚಿಸಿ ಆಜ್ಞೆ ಹೊರಟಿತು. 2017ರ ಮೆಟ್ರೋ ರೈಲು ನೀತಿ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿತು. ಹೆಸರಿಗೆ ಕೊರತೆಯಿಲ್ಲ, ಆಜ್ಞೆಗೂ ಕೊರತೆಯಿಲ್ಲ. ಆದರೆ 2019, 2020, 2025ರ ಮೂರು ಪ್ರಸಂಗಗಳಲ್ಲಿಯೂ ‘ನಗರದ ಪ್ರಯಾಣಿಕರೇ, ಇಂದು ನೀವು ಹೀಗೆ ಹೋಗಬಹುದು’ ಎಂದು ಬಸ್ಸು, ರೈಲು, ಮೆಟ್ರೋ ಮೂರರ ಪರವಾಗಿ ಮಾತಾಡಿದ ಒಂದೇ ದನಿ ನಮ್ಮ ಕಿವಿಗಂತೂ ಬೀಳಲಿಲ್ಲ.

ಒಂದು ಆಕ್ಷೇಪಣೆ

‘ಆಪತ್ತಿನ ಹೊತ್ತಿನಲ್ಲಿ ಇಷ್ಟಾದರೂ ಮಾಡಿದರಲ್ಲ! ಕುಳಿತು ಟೀಕಿಸುವುದು ಸುಲಭ’ ಎನ್ನುವ ವಾಚಕರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ರಾತ್ರಿ ನೀರಿನಲ್ಲಿ ಹಗ್ಗ ಹಿಡಿದು ನಿಂತವನನ್ನು ಟೀಕಿಸುವ ಹಕ್ಕು ಯಾರಿಗೂ ಇಲ್ಲ. ಅಪರಿಚಿತ ಬಸ್ಸನ್ನು, ಕೆಲವೊಮ್ಮೆ ಕಲ್ಲೇಟಿನ ಭಯದ ನಡುವೆ, ಓಡಿಸಿದ ದಿನಗೂಲಿ ಚಾಲಕನೂ ನಮ್ಮಂಥ ಬಡವನೇ. ನಮ್ಮ ಟೀಕೆ ಆಪತ್ತಿನ ಹೊತ್ತಿನಲ್ಲಿ ನಡೆದದ್ದರ ಮೇಲಲ್ಲ, ಆಪತ್ತು ಇಲ್ಲದ ಹೊತ್ತಿನಲ್ಲಿ ನಡೆಯದೇ ಹೋದದ್ದರ ಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡಿದವನ ಬೆವರನ್ನು ಮೆಚ್ಚಬಹುದು, ಅವನ ವಿವೇಕವನ್ನು ಮೆಚ್ಚಲಾಗದು.

ಆಪತ್ತಿಲ್ಲದ ಹೊತ್ತಿನಲ್ಲಿ ಮಾಡಬಹುದಾದುದೇನು? ದೊಡ್ಡ ಖರ್ಚಿನ ಮಾತು ನಾವು ಆಡುವುದಿಲ್ಲ. ಬಸ್ಸು ನಿಂತೆವೆಂದು ಸಾರಿದ ದಿನಗಳಲ್ಲಿ ಬಸ್ಸಿನ ತಿಂಗಳ ಪಾಸನ್ನು ಲೋಕಲ್ ರೈಲಿನಲ್ಲೂ ಮೆಟ್ರೋದಲ್ಲೂ ಒಪ್ಪಬೇಕು. ಲೆಕ್ಕವನ್ನು ಸಂಸ್ಥೆಗಳು ಆಮೇಲೆ ತಮ್ಮ ತಮ್ಮಲ್ಲಿ ಸರಿಮಾಡಿಕೊಳ್ಳಲಿ. 2023ರ ಡಿಸೆಂಬರ್ 9ರಿಂದ ಈ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸಿನ ಪ್ರಯಾಣ ಉಚಿತವಾಗಿದೆ. ಅದೇ ವರ್ಷದ ಜೂನಿನಿಂದ ಕರ್ನಾಟಕದಲ್ಲೂ. ಆ ಅನುಕೂಲವನ್ನು ನಂಬಿ ಮನೆಯ ಖರ್ಚು ಹೊಂದಿಸಿಕೊಂಡ ಹೆಂಗಸಿಗೆ ಬಸ್ಸು ನಿಂತ ದಿನ ಆಟೋದ ನೂರು ರೂಪಾಯಿ ಎಲ್ಲಿಂದ ಬರಬೇಕು? ಅಂದಿನ ಬಸ್ಸಿನ ಜೊತೆಗೆ ಅವಳ ಉಚಿತ ಚೀಟಿಯೂ ನಿಂತುಹೋಗುತ್ತದೆ. ಹಿಂದಿಗಿಂತ ಇಂದು ಬಸ್ಸು ನಿಲ್ಲುವುದು ಹೆಚ್ಚು ದುಬಾರಿಯಾಗಿದೆ ಎಂಬುದನ್ನು ಯೋಜನೆ ಮಾಡುವವರು ಗಮನಿಸಬೇಕು.

ಆಸ್ಪತ್ರೆಗಳ ದಾರಿ, ಬೆಳಗಿನ ಮೊದಲ ಬಸ್ಸು, ರಾತ್ರಿಯ ಕಡೆಯ ಬಸ್ಸು, ಇವಿಷ್ಟು ಯಾವ ಮುಷ್ಕರದಲ್ಲಿಯೂ ನಿಲ್ಲಬಾರದೆಂದು ನೌಕರರ ಸಂಘಗಳೊಡನೆ ಶಾಂತಿಯ ಕಾಲದಲ್ಲೇ ಒಪ್ಪಂದವಾಗಬೇಕು. ಅದಕ್ಕೆ ಪ್ರತಿಯಾಗಿ ವಜಾ ಮಾಡುವ ಬೆದರಿಕೆಯನ್ನು ಸರ್ಕಾರವೂ ಬಿಡಬೇಕು. ಗೇಟು ಎತ್ತುವ ಮುನ್ನ ಜಲಮಂಡಳಿ ನಿಲ್ದಾಣದ ಅಧಿಕಾರಿಗೆ ತಿಳಿಸಬೇಕು; ಎಷ್ಟು ನೀರು ಬಿಟ್ಟರೆ ನಿಲ್ದಾಣ ಖಾಲಿ ಮಾಡಬೇಕೆಂಬುದು ಅಲ್ಲಿಯ ಗೋಡೆಯ ಮೇಲೆ ಬರೆದಿರಬೇಕು. 2025ರಲ್ಲಿ ಅವಸರದಲ್ಲಿ ಹೊರಬಿದ್ದ ಆ ಒಳ್ಳೆಯ ಪಟ್ಟಿ, ಯಾವ ದಿಕ್ಕಿನ ಬಸ್ಸು ಎಲ್ಲಿಂದ ಎಂಬುದು, ಪಕ್ಕದ ರಾಜ್ಯಗಳ ಬಸ್ಸುಗಳನ್ನೂ ಸೇರಿಸಿಕೊಂಡು, ತೆಲುಗು, ಉರ್ದು, ಕನ್ನಡ, ಮರಾಠಿಗಳಲ್ಲಿ ಪ್ರತಿಯೊಂದು ದೊಡ್ಡ ನಿಲ್ದಾಣದಲ್ಲಿ ವರ್ಷವಿಡೀ ತೂಗುಹಾಕಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದು ಸಂಕಟ ಕಳೆದ ಮೂರು ತಿಂಗಳೊಳಗೆ ಎಷ್ಟು ಬಸ್ಸು ಓಡಿತು ಎಂಬುದಲ್ಲ, ಎಷ್ಟು ಜನ ತಲುಪಿದರು, ಯಾರು ತಲುಪಲಿಲ್ಲ ಎಂಬ ವರದಿ ಜನರ ಕೈಗೆ ಸಿಗಬೇಕು. ಅದಿಲ್ಲದೆ ಮೂರನೆಯ ಪ್ರಶ್ನೆಗೆ ಅಂಕ ಹಾಕಲು ನಮ್ಮ ಮುಂದೆ ಉತ್ತರ ಪತ್ರಿಕೆಯೇ ಇಲ್ಲ.

ನಮ್ಮ ಸಂಘ ಸಣ್ಣದು. ಸಾರಿಗೆ ಸಂಸ್ಥೆಯನ್ನು ತಿದ್ದುವ ಶಕ್ತಿ ಅದಕ್ಕಿಲ್ಲ. ಆದರೆ ಬೀದರ, ಕಲಬುರಗಿ, ರಾಯಚೂರು, ಬೆಂಗಳೂರುಗಳ ಬಸ್ಸು ಆಪತ್ತಿನ ದಿನ ಎಲ್ಲಿಂದ ಹೊರಡುವುದೆಂದು ಎರಡೂ ರಾಜ್ಯಗಳ ನಿಗಮಗಳನ್ನು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಈ ಪತ್ರಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕುವುದು ನಮ್ಮಿಂದಲೂ ಆಗುವ ಕೆಲಸ. ಮುಂದಿನ ಮಳೆಗಾಲಕ್ಕೆ ಮುಂಚೆ ಅದು ಆಗಬೇಕೆಂದು ಕಾರ್ಯಕಾರಿ ಸಮಿತಿಯನ್ನು ಈ ಮೂಲಕ ಕೋರುತ್ತೇವೆ. ಬಸ್ಸು ನಿಂತ ದಿನಗಳಲ್ಲಿ ತಾವು ಹೇಗೆ ಹೋದಿರಿ, ಎಷ್ಟು ತೆತ್ತಿರಿ, ಹೋಗದೆ ಏನು ಕಳೆದುಕೊಂಡಿರಿ ಎಂಬುದನ್ನು ವಾಚಕರು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿದರೆ ಅವನ್ನೂ ಆ ಪತ್ರಕ್ಕೆ ಲಗತ್ತಿಸಬಹುದು. ಯಾರೂ ತೆರೆಯದ ಕಡತವನ್ನು ಪ್ರಯಾಣಿಕರಾದ ನಾವಾದರೂ ತೆರೆಯೋಣ.